ಗೋಕಟ್ಟೆಗೆ ಬಿಟ್ಟ ಪೂಜೆಯ ಹೂವು

ನಮ್ಮ ಹಟ್ಟಿಯ ದನಗಳು ನೀರು ಕುಡಿಯುವ ಗೋಕಟ್ಟೆಯಲ್ಲಿ ಬೇಸಿಗೆ ಬಂದರೆ ನೀರು ಹಿಂದೆ ಸರಿಯುತ್ತದೆ. ಆಗ ಕಾಣುವುದು ಕೆಸರು, ಕೆಸರಿನ ತುಂಬ ಪ್ಲಾಸ್ಟಿಕ್ ಕವರು. ಅವನ್ನು ಹಾಕಿದವರು ಪುಂಡರಲ್ಲ. ದಿನಾ ದೇವರಿಗೆ ಕೈಮುಗಿಯುವ ನಮ್ಮ ಮನೆಗಳವರೇ.

ಪೂಜೆ ಮಾಡಿದ ಹೂವನ್ನು ಯಾರೂ ತುಳಿಯಬಾರದು. ಅದಕ್ಕೆ ಬಾಡಿದ ಹೂವು, ಬಾಳೆಹಣ್ಣಿನ ಸಿಪ್ಪೆ ಎಲ್ಲವನ್ನೂ ಕವರಿಗೆ ತುಂಬಿ ನೀರಿಗೆ ಬಿಡುತ್ತಿದ್ದೆವು. ನಿಂಗಕ್ಕ ಹಳೇ ಸೀರೆಯ ಹಸಿರು ಅಂಚು ಹರಿದು, ಕವರಿನ ಬಾಯಿ ಬಿಗಿದು, ಐದು ವರ್ಷದ ಮೊಮ್ಮಗಳು ಪವಿತ್ರಳ ಕೈಗೆ ಕೊಡುತ್ತಿದ್ದಳು.

"ಹೋಗವ್ವ, ಗಂಗಮ್ಮಗೆ ಒಪ್ಪಿಸಿ ಬಾ."

ಒಂದು ಸೋಮವಾರ ಅಂಗನವಾಡಿಯ ಸುಲೋಚನಮ್ಮ ಅದನ್ನು ನೋಡಿ ಮನೆಗೇ ಬಂದರು.

"ಹೂವು ಕೊಳೀತದೆ ನಿಂಗಕ್ಕ, ಕವರು ಕೊಳೆಯಲ್ಲ. ಮಗುನೂ ಇದನ್ನೇ ಕಲೀತೈತೆ."

"ನೀವು ಅ ಆ ಇ ಈ ಹೇಳ್ಕೊಡ್ರಿ ಟೀಚರಮ್ಮ. ದೇವರ ವಿಷ್ಯ ನಾನು ಹೇಳ್ಕೊಡ್ತೀನಿ. ನಮ್ಮತ್ತೆನೂ ನೀರಿಗೇ ಬಿಡ್ತಿದ್ಲು."

"ಯಾವುದ್ರಾಗೆ ಒಯ್ತಿದ್ರು?"

"ಬುಟ್ಟಿಯಾಗೆ."

"ಬುಟ್ಟಿನೂ ನೀರಿಗೆ ಬಿಟ್ಟು ಬರ್ತಿದ್ರಾ?"

ನಿಂಗಕ್ಕ ಒಲೆಯ ಮುಂದೆ ಹೋಗಿ ಕೂತಳು.

ಎಂಟು ದಿನ ಕಳೆದಿರಲಿಲ್ಲ, ದೇವರ ಎತ್ತು ಮೇವು ಬಿಟ್ಟಿತು. ಅದಕ್ಕೆ ಯಾರೂ ನೊಗ ಹೂಡುವುದಿಲ್ಲ; ದೇವರ ಹೆಸರಿನಲ್ಲಿ ಇಡೀ ಹಟ್ಟಿ ಸಾಕುವ ಎತ್ತು. ಅದನ್ನು ಕಾಯುವ ಕಿಲಾರಿ ದಾಸಣ್ಣ ಮೂರು ದಿನ ಅದರ ಪಕ್ಕ ಬಿಟ್ಟು ಏಳಲಿಲ್ಲ. ದೇವರ ಅರಿಶಿನದ ಭಂಡಾರ ಹಚ್ಚಿದ್ದಾಯಿತು, ಹರಕೆ ಹೊತ್ತಿದ್ದಾಯಿತು. ಎತ್ತು ಮೆಲುಕು ಹಾಕಲಿಲ್ಲ. ಹೊಟ್ಟೆ ಉಬ್ಬಿಕೊಂಡೇ ಇತ್ತು. ಮೊಳಕಾಲ್ಮೂರಿನಿಂದ ಬಂದ ದನದ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಕುಯ್ಯಬೇಕು ಎಂದರು.

"ದೇವರ ಎತ್ತಿಗೆ ಕತ್ತಿ ಹಾಕ್ತೀರೇನ್ರಿ?" ಎಂದಳು ನಿಂಗಕ್ಕ.

"ಬೇಡ ಅಂದ್ರೆ ನಾಳೆ ಹೂಳಾಕೆ ಗುಂಡಿ ತೋಡ್ರಿ," ಎಂದರು ಡಾಕ್ಟರು.

ದಾಸಣ್ಣ ಎತ್ತಿನ ಕೊಂಬು ಹಿಡಿದುಕೊಂಡ. "ಕುಯ್ರಿ ಸಾರ್. ದೇವರು ಬೈದ್ರೆ ನನ್ನ ಬೈಲಿ."

ಒಳಗಿನಿಂದ ಬುಟ್ಟಿ ತುಂಬುವಷ್ಟು ಕವರು ಬಂತು, ಹಗ್ಗದಂತೆ ಹೊಸೆದುಕೊಂಡು. ಅದರ ನಡುವೆ ಒಂದು ಹಸಿರು ಗಂಟು. ಪವಿತ್ರ ಗುರುತು ಹಿಡಿದಳು.

"ಅಜ್ಜಿ, ನಿನ್ನ ಸೀರೆ. ನಾನು ಒಪ್ಪಿಸಿ ಬಂದಿದ್ನಲ್ಲ, ಗಂಗಮ್ಮ ತಗಂಡಿಲ್ವಾ?"

ಸುತ್ತ ನಿಂತವರು ತಲೆ ತಗ್ಗಿಸಿದರು. ಬಾಳೆಸಿಪ್ಪೆಯ ವಾಸನೆಗೆ ಎತ್ತು ಕೆಸರಿನಿಂದ ಎಳೆದು ನುಂಗಿದ್ದ ಕವರುಗಳಲ್ಲಿ ಅವರ ಮನೆಯವೂ ಇದ್ದವು.

ಕುಯ್ದ ನಾಲ್ಕನೇ ದಿನ ಎತ್ತು ಎದ್ದು ನೀರು ಕುಡಿಯಿತು. ನಿಂಗಕ್ಕ ಅದರ ಪಾದ ಮುಟ್ಟಿ ನಮಸ್ಕರಿಸಿದಳು. ಹೊಲಿಗೆ ನೋಡಲು ಬಂದ ಡಾಕ್ಟರಿಗೂ ಕೈಮುಗಿದಳು. ಅಲ್ಲಿಂದ ನೇರ ಅಂಗನವಾಡಿಗೆ ಹೋದಳು.

"ಮಕ್ಕಳಿಗೆ ನೀವೇ ಹೇಳ್ರಿ ಟೀಚರಮ್ಮ."

"ದೇವರ ವಿಷ್ಯ ನಿಮ್ದು ಅಂದಿದ್ರಲ್ಲ. ನೀವೇ ಹೇಳ್ರಿ."

ಗೋಕಟ್ಟೆಯ ಏರಿಯ ಮೇಲೆ ಹನ್ನೆರಡು ಮಕ್ಕಳು ಕೂತರು. ನಿಂಗಕ್ಕ ಬಗ್ಗಿ ಬೊಗಸೆಯಲ್ಲಿ ನೀರೆತ್ತಿದಳು.

"ಇದು ನಾವ್ಯಾರೂ ಮಾಡಿದ್ದಲ್ಲ. ದೇವರು ಕೊಟ್ಟಿದ್ದು. ಎತ್ತಿಗೂ ಐತೆ, ಗುಬ್ಬಿಗೂ ಐತೆ, ನಮಗೂ ಐತೆ. ಕೊಟ್ಟೋನಿಗೇ ತಿರುಗಿ ಕಸ ಕೊಟ್ಟೆ ನಾನು. ನೀವು ಕೊಡಬ್ಯಾಡ್ರಿ."

"ಮತ್ತೆ ಹೂವು ಎಲ್ಲಿಗೆ ಹಾಕಾದು?" ಎಂದ ಪುಟ್ಟ ಮಾರುತೇಶ.

"ಬೇವಿನ ಬುಡದಾಗೆ ಗುಂಡಿ ತೋಡೀವಿ. ಭೂಮ್ತಾಯಿನೂ ದೇವರೇ ಅಲ್ವೇನ್ಲಾ."

ಆ ಸಂಜೆ ದೊಡ್ಡವರು ಕೆಸರಿಗಿಳಿದು ಕವರು ಆರಿಸಿದರು. ಎತ್ತು ದಡದಲ್ಲಿ ನಿಂತು ನಿಧಾನವಾಗಿ ಮೆಲುಕು ಹಾಕುತ್ತಿತ್ತು.

ಇದನ್ನು ಓದಿದವರೇ, ಕೇಳಿದವರೇ, ನಿಮ್ಮೂರಿನ ಕಟ್ಟೆಯನ್ನೂ ಹೋಗಿ ನೋಡಿ. ಸಂತೆಗೆ ಕೈಚೀಲ ಒಯ್ಯಿರಿ, ಕವರು ಮನೆಗೆ ತರಬೇಡಿ. ಈ ವಾರ ದೇವರ ಹೂವು ತೆಗೆಯುವಾಗ ಮನೆಯ ಮಗುವನ್ನು ಜೊತೆಗೆ ಕರೆದು, ಮಣ್ಣಿಗೆ ಹಾಕಿಸಿ. ನೀರು ಕೊಟ್ಟವನನ್ನು ನೆನೆಯುವುದನ್ನು ಕಲಿಸಿ. ನಿಮ್ಮ ಕೈ ಮಾಡಿದ್ದನ್ನೇ ಮಗುವಿನ ಕೈಯೂ ಮಾಡುತ್ತದೆ.