ಹಿತ್ತಲ ಮನೆಯ ಚುಕ್ಕಿ

ನಾಲ್ಕು ದಿನಕ್ಕೊಮ್ಮೆ ಬರುವ ನಳದ ನೀರು ಅವತ್ತು ಬೆಳಗಿನ ಆರಕ್ಕೇ ಬಂದಿತ್ತು. ಶಶಿಕಲಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಪೈಪನ್ನು ಕೊಡದಿಂದ ಬಕೀಟಿಗೆ, ಬಕೀಟಿನಿಂದ ಡ್ರಮ್ಮಿಗೆ ಬದಲಿಸುತ್ತ, ಒಲೆಯ ಮೇಲಿನ ಹಾಲಿನ ಕಡೆಗೂ ಒಂದು ಕಿವಿ ಇಟ್ಟು ನಿಂತಿದ್ದಳು. ಅಷ್ಟರಲ್ಲಿ ಕೌದಿಯನ್ನು ಮೈಗೆ ಸುತ್ತಿಕೊಂಡೇ ಮಗಳು ಭಾಗ್ಯಜ್ಯೋತಿ ಒಳಗಿನಿಂದ ಓಡಿಬಂದಳು.

“ಯವ್ವಾ! ಇವತ್ತು ಡಿಸೆಂಬರ್ ಒಂದು!”

“ಗೊತ್ತದ ತಗೋ. ಮೊದಲ ಮಾರಿ ತೊಳ್ಕೋ.”

“ಗೊತ್ತಿದ್ದೂ ಎಬ್ಬಿಸ್ಲಿಲ್ಲಲ್ಲ ನೀ! ಡಬ್ಬಿ ತಗಿ ಬಾ, ಚೀಟಿ ಎತ್ತೋಣು. ಈಗ, ಈಗ, ಈಗ!”

ಎಂಟು ವರ್ಷದ ಹುಡುಗಿ ಎರಡೂ ಕೈಯಿಂದ ಎಳೆದರೆ ನೀರು ಹಿಡಿಯುವವಳು ಎಷ್ಟು ಹೊತ್ತು ನಿಂತಾಳು? ಪೈಪನ್ನು ಡ್ರಮ್ಮಿನೊಳಗೆ ಇಳಿಬಿಟ್ಟು ಶಶಿಕಲಾ ಒಳಗೆ ಹೋದಳು. ಅಡುಗೆಮನೆಯ ಮೇಲಿನ ಹಲಗೆಯಿಂದ ಸ್ಟೀಲ್ ಡಬ್ಬಿ ಇಳಿಯಿತು. ಅದರೊಳಗೆ ಇಪ್ಪತ್ತನಾಲ್ಕು ಚೀಟಿ. ಕ್ರಿಸ್‌ಮಸ್‌ ಬರುವ ತನಕ ದಿನಕ್ಕೊಂದು ಎತ್ತುವುದು, ಚೀಟಿಯಲ್ಲಿ ಏನಿದೆಯೋ ಅದನ್ನು ಅವತ್ತೇ ಮಾಡುವುದು. ಭಾಗ್ಯ ಕಣ್ಣು ಮುಚ್ಚಿ ಕೈ ಹಾಕಿದಳು.

“ಉಣ್ಣೋ ಮೊದಲು ಎಲ್ಲರೂ ಒಂದೊಂದು ಹಾಡು ಹೇಳಬೇಕು,” ಎಂದು ಗಟ್ಟಿಯಾಗಿ ಓದಿದಳು. “ಯಪ್ಪಾನೂ!”

ಕೋಣೆಯಲ್ಲಿ ಯೂನಿಫಾರ್ಮಿನ ಗುಂಡಿ ಹಾಕಿಕೊಳ್ಳುತ್ತಿದ್ದ ಆನಂದ, “ನಾ ಹಾಡಿದ್ರ ನೀವು ಉಣ್ಣಂಗಿಲ್ಲ ನೋಡ್ರಿ,” ಎಂದ. ಅವನು ಬಸ್ ಕಂಡಕ್ಟರ್. ದೇವದುರ್ಗ, ಮಾನ್ವಿ, ರಾಯಚೂರು ಎಂದು ದಿನವಿಡೀ ಕೂಗಿ ಕೂಗಿ ಅವನ ಗಂಟಲು ಯಾವತ್ತೂ ಒಂದೇ ಸ್ವರದಲ್ಲಿ ಇರುತ್ತಿತ್ತು.

ಮೂವರೂ ನಗುತ್ತಿದ್ದಾಗಲೇ ಮುಂದಿನ ಮನೆಯಿಂದ ಗುಡುಗು ಕೇಳಿಸಿತು.

“ಯಾರಬೇ ಅದು, ಕಾಲುವಿ ಬಿಟ್ಟಾರು? ನನ್ನ ರಂಗೋಲಿ ತೇಲಿಕೊಂತ ರೋಡಿಗಿ ಹೊಂಟದ!”

ಶಶಿಕಲಾ ಕಸಬರಿಗೆ ಹಿಡಿದು ಓಡಿದಳು. ಡ್ರಮ್ಮು ತುಂಬಿ, ಪಕ್ಕದ ಸಂದಿಯುದ್ದಕ್ಕೂ ನೀರು ಹರಿದು, ಮನೆಯ ಒಡತಿ ಶಿವಬಸಮ್ಮನ ಅಂಗಳಕ್ಕೆ ಹೊಕ್ಕಿತ್ತು. ಶಿವಬಸಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

“ತಪ್ಪಾತ್ರಿ ಅಮ್ಮಾರ. ಹುಡುಗಿ ಕರದ್ಳಂತ ಒಂದ್ ನಿಮಿಷ ಒಳಗ ಹೋದೆ.”

“ಹುಡುಗಿ ಕರದ್ಳಂತ ನೀರು ನಿಲ್ತಾವೇನಬೇ?”

ಸಂದಿಯ ಮೂಲೆಯಲ್ಲಿ ಭಾಗ್ಯ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಒಂದು ನಿಮಿಷದ ಹಿಂದೆ ಮನೆ ಹಾರಿಹೋಗುವಂತೆ ಕೂಗುತ್ತಿದ್ದ ಬಾಯಿ ಈಗ ಹೊಲಿದ ಹಾಗಿತ್ತು. ಅದನ್ನು ನೋಡಿ ಶಶಿಕಲಾಳಿಗೆ ಶಿವಬಸಮ್ಮನ ಬೈಗುಳಕ್ಕಿಂತ ಹೆಚ್ಚು ನೋವಾಯಿತು.

ಮಗಳು ಮೊದಲು ಹೀಗಿರಲಿಲ್ಲ. ದೇವದುರ್ಗದಲ್ಲಿದ್ದಾಗ ಓಣಿಯ ಯಾವ ಮನೆಗೆ ಕಳಿಸಿದರೂ ಜರಡಿಯನ್ನೋ ಹೆಪ್ಪನ್ನೋ ಕೇಳಿ ತರುತ್ತಿದ್ದಳು, ಜೊತೆಗೆ ಆ ಮನೆಯ ಸುದ್ದಿಯನ್ನೂ ತರುತ್ತಿದ್ದಳು. ಜೂನ್ ತಿಂಗಳಲ್ಲಿ ಆನಂದನಿಗೆ ಮಾನ್ವಿಗೆ ವರ್ಗವಾಗಿ, ಮೂವರೂ ಮನೆ ಹುಡುಕುತ್ತ ತಿರುಗಿದರು. ನಾಲ್ಕು ಬಾಗಿಲಲ್ಲಿ “ನೀವು ಯಾವ ಪೈಕಿ?” ಎಂದು ಕೇಳಿದರು. ಉತ್ತರ ಕೇಳಿದ ಮೇಲೆ, ಮನೆ ನಿನ್ನೆಯೇ ಬೇರೆಯವರಿಗೆ ಹೋಯಿತು ಎಂದರು. ಐದನೆಯದು ಶಿವಬಸಮ್ಮನ ಬಾಗಿಲು. ಅವರು ಕೇಳಿದ್ದು ಒಂದೇ: “ನೀರು ಪೋಲು ಮಾಡ್ತೀರೇನು?” ಇಲ್ಲವೆಂದದ್ದಕ್ಕೆ ಹಿತ್ತಲ ಎರಡು ಕೋಣೆಯ ಬೀಗದ ಕೈ ಕೊಟ್ಟರು. ಆದರೆ ಆ ನಾಲ್ಕು ಬಾಗಿಲನ್ನು ಭಾಗ್ಯ ತಾಯಿಯ ಕೈ ಹಿಡಿದು ನಿಂತು ನೋಡಿದ್ದಳು. ಅಲ್ಲಿಂದ ಮುಂದೆ ಬೇರೆಯವರ ಮನೆಯಲ್ಲಿ ಏನಾದರೂ ಕೇಳಿ ತಾ ಎಂದರೆ ಹೋಗುವಳು, ಹೊಸ್ತಿಲ ಮುಂದೆ ನಿಲ್ಲುವಳು, ಸುಮ್ಮನೆ ತಿರುಗಿ ಬರುವಳು. “ಬಾಗಲ ಹಾಕಿತ್ತವ್ವಾ,” ಎನ್ನುವಳು. ಬಾಗಿಲು ತೆರೆದೇ ಇರುತ್ತಿತ್ತು.

ಡಬ್ಬಿಯ ಉಪಾಯ ಶಶಿಕಲಾಳಿಗೆ ಹೊಳೆದದ್ದು ಅದಕ್ಕಾಗಿಯೇ. ಅವಳು ಅರಕೇರಾದ ಹುಡುಗಿ. ಅವಳ ಅವ್ವ ಡಿಸೆಂಬರ್ ಬಂದರೆ ಮಾನ್ವಿ ಸೀಮೆಗೆ ಭತ್ತದ ನಾಟಿಗೆ ಹೋಗಿ, ಇಪ್ಪತ್ತನಾಲ್ಕರ ಸಂಜೆ ಕೊನೆಯ ಬಸ್ಸಿಗೆ ಕೆಸರು ಒಣಗಿದ ಕಾಲಲ್ಲಿ ಇಳಿಯುತ್ತಿದ್ದಳು. ಹಬ್ಬ ಅಂದರೆ ಒಂದೇ ದಿನ, ಅದೂ ಅವ್ವ ನಿದ್ದೆ ಮಾಡಿ ಉಳಿದದ್ದು. ತನ್ನ ಮಗಳಿಗೆ ಮಾತ್ರ ತಿಂಗಳಿಡೀ ಹಬ್ಬ ಮಾಡಬೇಕು, ಹೊಸ ಊರು ಅನ್ನುವುದೇ ಅವಳಿಗೆ ಮರೆತುಹೋಗಬೇಕು ಎಂದುಕೊಂಡು, ನವೆಂಬರ್ ಕೊನೆಯ ವಾರವೆಲ್ಲ ಬಟ್ಟೆ ಒಗೆಯುತ್ತ, ರೊಟ್ಟಿ ಬಡಿಯುತ್ತ ಒಂದೊಂದೇ ಚೀಟಿ ಯೋಚಿಸಿ ಬರೆದಿದ್ದಳು.

ಉಪಾಯ ಫಲಿಸಿತು. ಮನೆಯಲ್ಲಿ ಬೆಳಗಾಗುವುದೇ ಡಬ್ಬಿಯ ಸದ್ದಿನಿಂದ. ಒಂದು ದಿನ ಹಳೇ ಸೀರೆಯ ಅಂಚಿನಿಂದ ಬಾಗಿಲಿಗೆ ತೋರಣ. ಒಂದು ದಿನ ರಾಯಚೂರಿನಲ್ಲಿರುವ ಆನಂದನ ಅವ್ವನಿಗೆ ಕಾಗದ ಬರೆಯುವುದು. ಗೋಡೆಗೆ ಸುಣ್ಣ ಬಳಿಯುವ ಚೀಟಿ ಸರಿಯಾಗಿ ಆನಂದನ ರಜೆಯ ದಿನವೇ ಬಿತ್ತು. “ಇದು ದೇವರ ಆಟಲ್ಲ, ನಿಮ್ಮವ್ವನ ಆಟ,” ಎಂದು ಗೊಣಗುತ್ತ ಅವನು ಮೂಗಿನ ತುದಿಗೂ ಸುಣ್ಣ ಹಚ್ಚಿಕೊಂಡ.

ಕ್ರಿಸ್‌ಮಸ್‌ ನಕ್ಷತ್ರದ ಚುಕ್ಕಿ ಮಾಡುವ ಚೀಟಿ ನಾಲ್ಕನೆಯ ದಿನ ಬಂತು. ಮಲ್ಲಟದ ಕಡೆಯ ರೈತನೊಬ್ಬನನ್ನು ಕೇಳಿ ಆನಂದ ಬಸ್ಸಿನಲ್ಲೇ ಒಂದು ಹಿಡಿ ತೊಗರಿ ಕಡ್ಡಿ ತಂದಿದ್ದ. ಹಗುರ, ನೆಟ್ಟಗೆ. ಕಡ್ಡಿ ಕಟ್ಟಿ, ಕೆಂಪು ಬಿಳಿ ಕಾಗದ ಅಂಟಿಸಿ, ಒಳಗೊಂದು ಬಲ್ಬು ಇಳಿಬಿಟ್ಟಾಗ ಐದು ಮೂಲೆಯ ಚುಕ್ಕಿ ಭಾಗ್ಯಳ ಎದೆಯೆತ್ತರ ಆಯಿತು.

“ಎಲ್ಲಿ ಕಟ್ಟೋದು?” ಎಂದಳು ಭಾಗ್ಯ.

ಅದೇ ಕಷ್ಟ. ಹಿಂದಿನ ಭಾನುವಾರ ಚರ್ಚಿನಲ್ಲಿ ಯುವಕರ ಸಂಘದ ಅಮರೇಶ ಕ್ಯಾರಲ್ ತಂಡ ಯಾವ ದಿನ ಯಾವ ಓಣಿಗೆ ಬರುತ್ತದೆಂದು ಓದಿ ಹೇಳಿದ್ದ. ಇವರ ಓಣಿಗೆ ಹದಿನೆಂಟು, ಗುರುವಾರ. “ವಿಳಾಸ ಗಿಳಾಸ ಬ್ಯಾಡ್ರಿ. ಮನಿ ಮುಂದ ಚುಕ್ಕಿ ಹಚ್ಚಿ ಇಡ್ರಿ, ಚುಕ್ಕಿ ಕಂಡಲ್ಲಿ ಬಂದು ಹಾಡ್ತೀವಿ,” ಎಂದಿದ್ದ. ದೇವದುರ್ಗದ ಮನೆ ರಸ್ತೆಗೇ ಇತ್ತು. ಇಲ್ಲಿಯದು ಹಿತ್ತಲಲ್ಲಿ. ಇಲ್ಲಿ ಎಷ್ಟು ದೊಡ್ಡ ಚುಕ್ಕಿ ಕಟ್ಟಿದರೂ ಶಿವಬಸಮ್ಮನ ಬಚ್ಚಲ ಗೋಡೆಗೆ ಮಾತ್ರ ಬೆಳಕು.

“ಅಮರೇಶಗ ಫೋನ್ ಮಾಡಿ ಹೇಳಿದ್ರಾತು,” ಎಂದ ಆನಂದ.

“ಫೋನ್ ಮಾಡಿ ಕರಿಯೋದಾದ್ರ ಚುಕ್ಕಿ ಯಾಕ ಬೇಕು ಯಪ್ಪಾ?”

ಆನಂದ ಫೋನನ್ನು ಜೇಬಿಗೆ ಇಳಿಬಿಟ್ಟ. ಭಾಗ್ಯ ತಾನೇ ಹೇಳಿದಳು: “ಮುಂದಿನ ಅಜ್ಜಿ ಬಾಗಲ ಮ್ಯಾಲ ಕಟ್ಟೋಣು. ರೋಡಿನ ಆ ತುದಿಗೂ ಕಾಣ್ತದ. ಕೇಳಬೇಕಷ್ಟ.”

“ಕೇಳೋಣು,” ಎಂದಳು ಶಶಿಕಲಾ. “ನಾ ಕೇಳ್ತೀನಿ. ನೀ ಸುಮ್ಕಿರು.”

ಹೇಳಿದ್ದು ಸುಲಭ. ಮುಂಬಾಗಿಲ ಮೇಲೆ ಶಿವಬಸಮ್ಮನ ಮಾವನ ಕಾಲದ ಬಸವಣ್ಣನ ಚಿತ್ರ, ವಿಭೂತಿ, ಒಣಗಿದ ಮಾವಿನ ತೋರಣ. ಅದರ ಪಕ್ಕಕ್ಕೆ ನಮ್ಮ ಚುಕ್ಕಿ ಕಟ್ಟಲೇ ಎಂದು ಯಾವ ಬಾಯಿಂದ ಕೇಳುವುದು? ಮನೆ ಕೊಟ್ಟವರು ಇವರೊಬ್ಬರೇ, ಇವರೂ ಬೇಡ ಎಂದರೆ? ಮಗಳು ಅದನ್ನೂ ನಿಂತು ಕೇಳಿಸಿಕೊಂಡರೆ? ಬೆಳಗ್ಗೆ ನೀರು ಹಿಡಿಯುವಾಗ ಕೇಳುತ್ತೇನೆ ಎಂದುಕೊಳ್ಳುವಳು, ಸಂಜೆ ಕಸ ಚೆಲ್ಲುವಾಗ ಕೇಳುತ್ತೇನೆ ಎಂದುಕೊಳ್ಳುವಳು. ಚುಕ್ಕಿ ಮಂಚದ ಮೇಲೆಯೇ ಇತ್ತು. ರಾತ್ರಿ ಮಲಗುವ ಮೊದಲು ಅದನ್ನು ಇಳಿಸಿ ಇಡುವುದೂ ಒಂದು ಕೆಲಸವಾಯಿತು.

ಆರನೆಯ ದಿನ ಹೊಲ ಬಿತ್ತುವ ಚೀಟಿ ಬಂತು. ಬರಲೇಬೇಕೆಂದು ಶಶಿಕಲಾ ಅದನ್ನು ದಪ್ಪಗೆ ಮಡಚಿ ಮೇಲೆಯೇ ಇಟ್ಟಿದ್ದಳು. ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆಗಳಿಂದ ಕಟ್ಟುತ್ತಾರಲ್ಲ, ಆ ಗೋದಲಿಯ ಸುತ್ತ ಹಸಿರು ಪೈರು ಬೇಕು. ದೇವದುರ್ಗದಲ್ಲಿ ಜೋಳ ಬಿತ್ತುತ್ತಿದ್ದರು. ಭತ್ತದ ನಾಡಿಗೆ ಬಂದ ಮೇಲೆ ಭತ್ತವನ್ನೇ ಬಿತ್ತೋಣ ಎಂದು ಎರಡು ಹಳೇ ತಟ್ಟೆಗಳಿಗೆ ಮಣ್ಣು ತುಂಬಿ, ಒಣ ಭತ್ತ ಉದುರಿಸಿ, ನೀರು ಚಿಮುಕಿಸಿ ಸಂದಿಯ ಕಟ್ಟೆಯ ಮೇಲೆ ಇಟ್ಟರು. ಜೋಳ ಮೂರು ದಿನಕ್ಕೆ ತಲೆ ಎತ್ತುತ್ತಿತ್ತು. ಭತ್ತ ನಾಲ್ಕು ದಿನವಾದರೂ ಮಿಸುಕಲಿಲ್ಲ. ಭಾಗ್ಯ ಶಾಲೆಗೆ ಹೋಗುವಾಗ ಒಮ್ಮೆ, ಬಂದಾಗ ಒಮ್ಮೆ ತಟ್ಟೆಗೆ ಮೂಗು ತಾಗಿಸಿ ನೋಡುವಳು.

ಬಿತ್ತಿದ ಐದನೆಯ ದಿನ ಅವಳ ಹಿಂದೆಯೇ ಶಿವಬಸಮ್ಮ ಬಗ್ಗಿ ನೋಡಿದರು.

“ಏನಬೇ ಇದು?”

ಭಾಗ್ಯ ಬಾಯಿ ಬಿಡಲಿಲ್ಲ. ಶಶಿಕಲಾ ಒದ್ದೆ ಕೈ ಒರೆಸುತ್ತ ಬಂದು, ಹಬ್ಬಕ್ಕೆ ಹಸಿರು ಬೇಕಿತ್ತೆಂದು ಹೇಳಿದಳು. ಶಿವಬಸಮ್ಮ ಬೆರಳಿನಿಂದ ಮಣ್ಣು ಕೆದಕಿ ಒಂದು ಕಾಳು ತೆಗೆದು, ಕಣ್ಣ ಹತ್ತಿರ ಹಿಡಿದು, ನಗಲಾರಂಭಿಸಿದರು. ಅವರು ನಕ್ಕದ್ದನ್ನು ಆರು ತಿಂಗಳಲ್ಲಿ ಯಾರೂ ಕಂಡಿರಲಿಲ್ಲ.

“ಒಣಗಿದ್ದು ಹಂಗ ಬಿತ್ತೀರಲ್ಲಬೇ! ಜ್ವಾಳ ಅಂದ್ಕೊಂಡೀರೇನು? ಯಾವೂರಾಕಿ ನೀ?”

“ಅರಕೇರಾದಾಕಿರಿ ಅಮ್ಮಾರ. ನಮ್ಮವ್ವ ನಾಟಿ ಹಚ್ಚಾಕ ಇದ ಸೀಮಿಗಿ ಬರ್ತಿದ್ಲು.”

“ನಾಟಿ ಹಚ್ಚೋರಿಗಿ ಸಸಿ ಸಿವುಡು ಕಟ್ಟಿದ್ದು ಕೈಗಿ ಬರ್ತದ. ಅದು ಸಸಿ ಆಗೋದು ಹ್ಯಾಂಗಂತ ಯಾರು ತೋರಿಸ್ಯಾರ?” ಎಂದು ಶಿವಬಸಮ್ಮ ಸೆರಗು ಬಿಗಿದರು. “ಮೊದಲ ಒಂದು ಹಗಲು ಒಂದು ರಾತ್ರಿ ನೆನಿಬೇಕು. ಆಮ್ಯಾಲ ಹಸಿ ಚೀಲದಾಗ ಕಟ್ಟಿ ಬೆಚ್ಚಗ ಇಡಬೇಕು. ಚಳಿಗಾಲ, ಒಲಿ ಬಗಲಾಗ ಇಟ್ರ ಛಲೋ. ಬಿಳಿ ಮೂಗು ಬಂದ ಮ್ಯಾಲ ಮಣ್ಣಿಗಿ. ಏ ಹುಡುಗಿ, ಬಾ ಇಲ್ಲಿ. ಸೇರು ಹಿಡಿ.”

ಮಿಲ್ಲಿಗೆ ಹೊರಟಿದ್ದ ಅವರ ಗಂಡ ಶರಣಯ್ಯ ಬಾಗಿಲಲ್ಲಿ ನಿಂತು, “ಎರಡು ತಾಟಿನ ಹೊಲಕ್ಕ ಒಂದು ಸೇರು ಬೀಜ ಏನು?” ಎಂದು ಕೇಳಿದರು.

“ನೀವು ನಿಮ್ಮ ಅಕ್ಕಿ ನೋಡ್ಕೋರಿ,” ಎಂದರು ಶಿವಬಸಮ್ಮ.

ಭತ್ತ ಅವರ ಒಲೆಯ ಬಗಲಲ್ಲೇ ಮೂರು ದಿನ ಮಲಗಿತು. ಶಾಲೆಯಿಂದ ಬಂದ ಭಾಗ್ಯ ಚೀಲ ಬಿಸಾಡಿ ಮುಂದಿನ ಮನೆಯ ಹೊಸ್ತಿಲಿಗೆ ಹೋಗುವಳು. ಒಳಗೆ ಬಾ ಎಂದರೆ ಹೋಗುವಳು, ಮಾತಿಲ್ಲ. ತಲೆಯಲ್ಲಾಡಿಸಿ ಹೌದು, ಇಲ್ಲ, ಅಷ್ಟೇ. “ನಿನ್ನ ಮಗಳಿಗಿ ನಾಲಿಗಿ ಅದನೋ ಇಲ್ಲೋ?” ಎಂದು ಶಿವಬಸಮ್ಮ ಕೇಳಿದಾಗ ಶಶಿಕಲಾ ನಕ್ಕಳು. “ನಮ್ಮನಿಯಾಗ ಇಬ್ಬರದೂ ಆಕೀನ ಮಾತಾಡ್ತಾಳ್ರಿ.”

ಮೊಳಕೆ ಮಣ್ಣು ಸೇರಿದ ಮೂರನೆಯ ಬೆಳಗ್ಗೆ ತಟ್ಟೆ ತುಂಬ ಸೂಜಿಮೊನೆಯಂಥ ಹಸಿರು. ಭಾಗ್ಯ ಕಿರುಚಿದ ಸದ್ದಿಗೆ ಆನಂದ ಹಲ್ಲುಜ್ಜುವ ಬ್ರಶ್ ಬಾಯಲ್ಲಿಟ್ಟುಕೊಂಡೇ ಹೊರಗೆ ಬಂದ.

ಹದಿನೆಂಟು ಬಂದೇ ಬಿಟ್ಟಿತು. ಅವತ್ತಿನ ಚೀಟಿ ಕರ್ಚಿಕಾಯಿ. ಕ್ಯಾರಲ್‌ನವರಿಗೆ ಕೊಡಲು ನೂರು ಬೇಕೆಂದು ಶಶಿಕಲಾ ಬೆಳಗಿನಿಂದ ಕೂತು, ಲಟ್ಟಿಸಿ, ಶೇಂಗಾ ಬೆಲ್ಲ ತುಂಬಿ, ಅಂಚು ಒತ್ತಿ ಕರಿದಳು. ನಾಲ್ಕು ಗಂಟೆಗೆ ಮಗಳು ಶಾಲೆಯಿಂದ ಬಂದವಳೇ ಡಬ್ಬಿ ನೋಡಲಿಲ್ಲ, ಕರ್ಚಿಕಾಯಿ ಕೇಳಲಿಲ್ಲ. “ಕೇಳಿದ್ಯೇನವ್ವಾ?” ಎಂದಳು.

“ಈಗ ಹೋಗ್ತೀನಿ.”

“ಏಳಕ್ಕ ಬರ್ತಾರ ಅವರು.”

“ಹೋಗ್ತೀನಂದ್ನಲ್ಲ ಮಗಳ.”

ಶಿವಬಸಮ್ಮ ಮುಂದಿನ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದರು. ಶಶಿಕಲಾ ಕೆಳಗಿನ ಮೆಟ್ಟಿಲಲ್ಲಿ ಕೂತು, ತಾನೂ ಒಂದು ಹಿಡಿ ಬೇಳೆ ಎಳೆದುಕೊಂಡು ಕಲ್ಲು ಆರಿಸತೊಡಗಿದಳು. ಚಳಿಯ ಮಾತಾಯಿತು. ಸಸಿಯ ಮಾತಾಯಿತು.

“ಕರ್ಚಿಕಾಯಿ ಮಾಡೀಯೇನು? ಓಣಿ ತುಂಬ ವಾಸನಿ ಬಂದದ.”

“ಹೂಂರಿ. ಸಂಜಿಕ ನಮ್ಮ ಚರ್ಚಿನ ಮಂದಿ ಹಾಡಾಕ ಬರ್ತಾರ್ರಿ.” ಬರ್ತಾರ ಎಂದಳೇ ವಿನಾ ಹೇಗೆ ಬರುತ್ತಾರೆ ಎಂದು ಹೇಳಲಿಲ್ಲ. ಕೈಯಲ್ಲಿದ್ದ ಬೇಳೆಯಲ್ಲಿ ಇದ್ದ ಕಲ್ಲೆಲ್ಲ ಮುಗಿದಿತ್ತು. ಆದರೂ ಹುಡುಕುತ್ತಿದ್ದಳು.

ಶಿವಬಸಮ್ಮ ಮೊರ ನಿಲ್ಲಿಸಿದರು. “ಏನೋ ಕೇಳಾಕ ಬಂದೀ ನೀ. ಹದಿನೈದು ದಿನ ಆತು ನೋಡಾಕತ್ತೀನಿ, ನಳದ ಹತ್ರ ಬಾಯಿ ತೆರಿತಿ, ಮುಚ್ಚತಿ. ಕೇಳಬಾರದೇನು?”

ಶಶಿಕಲಾ ಬೇಳೆಯನ್ನು ಮುಷ್ಟಿಯಲ್ಲಿ ಬಿಗಿದಳು. “ಏನಿಲ್ರಿ ಅಮ್ಮಾರ,” ಎಂದಳು. “ನಾಳಿ ನೀರು ಬರ್ತಾವೇನ್ರಿ, ಅಂತ.”

“ನಾಳಿ ಎಲ್ಲಿ? ಆಚಿ ನಾಡಿದ್ದು.”

ಹಿಂದಿನಿಂದ ಕಾಗದದ ಸರಸರ ಸದ್ದು. ಶಶಿಕಲಾ ತಿರುಗಿದಳು. ಸಂದಿಯ ತುದಿಯಲ್ಲಿ ಚುಕ್ಕಿಯೇ ಕಾಲು ಮೂಡಿ ನಡೆದು ಬರುತ್ತಿತ್ತು. ಮೇಲೆ ಭಾಗ್ಯಳ ಎರಡು ಜಡೆ, ಕೆಳಗೆ ಶಾಲೆಯ ಬಿಳಿ ಸಾಕ್ಸು. ಅವಳು ತಾಯಿ ಕೂತ ಮೆಟ್ಟಿಲನ್ನು ದಾಟಿ, ಕಟ್ಟೆಯ ಮುಂದೆ ಬಂದು ನಿಂತಳು.

“ಏನಬೇ ಇದು?” ಎಂದರು ಶಿವಬಸಮ್ಮ. “ತೊಗರಿ ಕಡ್ಡಿಗಿ ಅಂಗಿ ತೊಡಿಸೀರಿ?”

ಚುಕ್ಕಿ ಸ್ವಲ್ಪ ನಡುಗಿತು. ಶಶಿಕಲಾ ಏಳಲು ಹೋದಳು. ಮಗಳ ಪರವಾಗಿ ತಾನು ಹೇಳಿಬಿಡಬೇಕು, ಇಲ್ಲವೇ ಅವಳನ್ನು ಒಳಗೆ ಕರೆದೊಯ್ಯಬೇಕು. ಆದರೆ ಭಾಗ್ಯ ಚುಕ್ಕಿಯ ಅಂಚಿನಿಂದ ಮುಖ ಹೊರಗೆ ಹಾಕಿದ್ದಳು. ಗಲ್ಲ ಕೆಂಪಾಗಿತ್ತು. ತುಟಿ ಒಂದೆರಡು ಸಲ ಅಲ್ಲಾಡಿ ನಿಂತಿತು. ಶಶಿಕಲಾ ಎದ್ದವಳು ಹಾಗೆಯೇ ಮೆಲ್ಲಗೆ ಕೂತಳು. ಮುಷ್ಟಿಯೊಳಗಿನ ಬೇಳೆ ಬೆವರಿಗೆ ಅಂಟಿಕೊಂಡಿತು.

ಭಾಗ್ಯ ಉಸಿರೆಳೆದುಕೊಂಡಳು. ಆಮೇಲೆ, ರಸ್ತೆಯಲ್ಲಿ ಹೋಗುತ್ತಿದ್ದವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ ಕೇಳಿದಳು:

“ಅಜ್ಜಿ, ನಮ್ಮ ಚುಕ್ಕಿ ನಿಮ್ಮ ಬಾಗಲ ಮ್ಯಾಲ ಕಟ್ಲೇನ್ರಿ?”