ಬಿಲ್ಬಾವೊದ ಜಾರು ಬೀದಿ

ದೊಡ್ಡಬಳ್ಳಾಪುರದಲ್ಲಿ ಮಗ್ಗ ನಡೆಸುತ್ತಿದ್ದ ಆದಿನಾರಾಯಣಪ್ಪ ೧೯೯೪ರ ಜನವರಿಯಲ್ಲಿ ಜವಳಿ ಯಂತ್ರಗಳನ್ನು ನೋಡಲು ಸ್ಪೇನಿನ ಬಿಲ್ಬಾವೊಗೆ ಹೋದಾಗ ಹೆಂಡತಿ ಅಶ್ವತ್ಥಮ್ಮನನ್ನೂ ಕರೆದೊಯ್ದಿದ್ದರು. ಕೊನೆಯ ದಿನ ಊರು ಸುತ್ತಲು ಹೊರಟರೆ ಜಿಟಿಜಿಟಿ ಮಳೆ, ಕೊರೆಯುವ ಚಳಿ. ಕಲ್ಲುಹಾಸಿನ ಬೀದಿಯಲ್ಲಿ ಅಶ್ವತ್ಥಮ್ಮನ ಕಾಲು ಜಾರಿತು. ಗಂಡ ತಟ್ಟನೆ ಕೈ ಹಿಡಿದರು. ಮೂವತ್ತು ವರ್ಷ ಬೀದಿಯಲ್ಲಿ ಎರಡು ಮಾರು ಮುಂದೆಯೇ ನಡೆದ ಮನುಷ್ಯ!

"ಬಿಡಿ, ಯಾರಾದ್ರೂ ನೋಡ್ತಾರೆ," ಎಂದರು ಆಕೆ.

"ಇಲ್ಲಿ ನಮ್ಮನ್ನ ಬಲ್ಲೋರು ಯಾರವ್ರೆ? ಸುಮ್ನೆ ಬಾ."

ಆಕೆಗೆ ನಾಚಿಕೆಯ ಜೊತೆ ನಗುವೂ ಬಂತು. ಮೂಲೆಯಲ್ಲಿ ಮುದುಕಿಯೊಬ್ಬಳು ಕೆಂಡದ ಮೇಲೆ ಯಾವುದೋ ಕಾಯಿ ಹುರಿಯುತ್ತಿದ್ದಳು. ಗಂಡ ಒಂದು ಪೊಟ್ಟಣ ಕೊಂಡು ಜೇಬಿಗಿಟ್ಟುಕೊಂಡರು. ಸಿಪ್ಪೆ ಸುಲಿಯಲು ಎರಡು ಕೈ ಬೇಕಿತ್ತು. ಹಿಡಿದ ಕೈ ಬಿಡಲು ಇಬ್ಬರಿಗೂ ಮನಸ್ಸಿಲ್ಲದೆ, ಉಳಿದ ಒಂದೊಂದು ಕೈ ಸೇರಿಸಿ ಸುಲಿದು ತಿಂದರು.