ಮಹಡಿಯ ಮೇಲಿನ ಕೆಂಡ

ಮಗನ ವರ್ಷಾಬ್ದಿಕ ಮುಗಿದ ಮೇಲೂ ನಾನು ದೇವರ ದೀಪ ಹಚ್ಚಲಿಲ್ಲ. ಸ್ನಾನ, ಸಂಧ್ಯಾವಂದನೆ, ಪಾರಾಯಣ ಯಾವುದನ್ನೂ ಬಿಟ್ಟಿರಲಿಲ್ಲ. ದೀಪವನ್ನು ಮಾತ್ರ ಸೊಸೆ ಶೃತಿ ಹಚ್ಚುತ್ತಿದ್ದಳು. ಬೆಂಕಿಪೊಟ್ಟಣ ಕೈಗೆ ತೆಗೆದುಕೊಂಡರೆ ನನ್ನ ಬೆರಳುಗಳು ನಡುಗುತ್ತಿದ್ದವು.

ಮಗ ಶಮಂತನಿಗೆ ಗಂಡುಮಕ್ಕಳಿಲ್ಲ, ಒಡಹುಟ್ಟಿದವರೂ ಇಲ್ಲ. ಜ್ವರವೆಂದು ಮಲಗಿದವನು ಏಳಲಿಲ್ಲ. ಅವನ ಚಿತೆಗೆ ಬೆಂಕಿ ಇಟ್ಟವನು ನಾನೇ. ಕರ್ಪೂರ ಹಚ್ಚಿ ಇಡಿ ಎಂದರು, ಇಟ್ಟೆ. ಹಿಂತಿರುಗಿ ನೋಡದೆ ನಡೆಯಿರಿ ಎಂದು ಪುರೋಹಿತರಾದ ಶಿವರಾಮಯ್ಯನವರು ಹೇಳಿದರು. ನೋಡದೆ ಬಂದೆ. ನಾನು ಹಚ್ಚಿದ ಬೆಂಕಿ ಹೇಗೆ ಉರಿಯಿತು, ಯಾವಾಗ ಆರಿತು, ನನಗೆ ತಿಳಿಯದು. ಶಾಸ್ತ್ರ ಹೇಳಿದಂತೆ ನಡೆದುಕೊಂಡೆ. ಆದರೂ ಬೆನ್ನಿಗೆ ತಾಗಿದ ಆ ಕಾವು ಆರಲೇ ಇಲ್ಲ.

ಕುಣಿಗಲ್ಲಿನ ಹೈಸ್ಕೂಲಿನಲ್ಲಿ ಮೇಷ್ಟರಾಗಿದ್ದ ನಾನು ನಿವೃತ್ತನಾದ ಮೇಲೆ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಸಣ್ಣದೊಂದು ಮನೆ ಕಟ್ಟಿಸಿದೆ. ಶಮಂತ ಊರಿನ ಹೊರಗಿನ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ಕೆಲಸದಲ್ಲಿದ್ದ. ತೊಂಬತ್ತೊಂಬತ್ತರಲ್ಲಿ ಅವನನ್ನು ತರಬೇತಿಗೆಂದು ಜಪಾನಿಗೆ ಕಳಿಸಿದ್ದರು. ಮಗ ಅಲ್ಲಿ ಏನು ತಿನ್ನುತ್ತಾನೋ ಎಂದು ನನ್ನ ಹೆಂಡತಿ ಕಮಲ ಹರಕೆ ಹೊತ್ತಿದ್ದಳು. ಅವನು ತಿರುಗಿ ಬಂದವನೇ ಸಿರಾ ಗೇಟಿನ ಬಳಿ ವೆಲ್ಡಿಂಗ್ ಮಾಡುವವನಿಂದ ಮೊಣಕಾಲೆತ್ತರದ ಒಂದು ಕಬ್ಬಿಣದ ತೊಟ್ಟಿ ಮಾಡಿಸಿದ. ಉದ್ದಕ್ಕೆ, ನಾಲ್ಕು ಕಾಲು, ಮೇಲೊಂದು ಜಾಲರಿ. ಅದನ್ನು ಮಹಡಿಯ ಮೇಲೆ ಇಟ್ಟ.

"ಏನೋ ಇದು? ಬಾಣಂತಿ ಅಗ್ಗಿಷ್ಟಿಕೆಗೆ ಕಾಲು ಬಂದಂಗಿದೆ!" ಎಂದಳು ಕಮಲ.

"ರೊಬಾಟ ಅಂತಾರಮ್ಮ. ಒಲೆ ಪಕ್ಕ ಅಂತ ಅರ್ಥ. ಒಬ್ಬ ಕೆಂಡದ ಆ ಕಡೆ ಕೂತು ಸುಡ್ತಾನೆ, ಮಿಕ್ಕೋರೆಲ್ಲ ಈ ಕಡೆ ಕೂತು ತಿಂತಾರೆ."

"ಏನು ಸುಡ್ತೀಯ?"

"ಬದನೆಕಾಯಿ, ಗೆಣಸು, ಜೋಳ."

"ವಿಮಾನದಲ್ಲಿ ಹೋಗಿ ಬದನೆಕಾಯಿ ಸುಡೋದು ಕಲ್ತು ಬಂದ್ಯಾ? ನಮ್ಮಜ್ಜಿ ಬಚ್ಚಲೊಲೇಲಿ ದಿನಾ ಸುಡ್ತಿದ್ರು ಕಣೋ, ಅವರಿಗೆ ಯಾರೂ ಟಿಕೆಟ್ ಕೊಡ್ಲಿಲ್ಲ!"

ಶಮಂತ ನಕ್ಕ. ಗೂಳೂರಿನ ಬಡಗಿ ಚನ್ನವೀರಯ್ಯನಿಂದ ಅವನು ಒಂದು ಮರದ ಹಲಗೆಯನ್ನೂ ಮಾಡಿಸಿದ್ದ. ದೋಣಿಯ ಹುಟ್ಟಿನ ಹಾಗೆ ಮುಂದೆ ಅಗಲ, ಹಿಂದೆ ಮಾರುದ್ದದ ಹಿಡಿ. ಹಿಂದಿನ ಕಾಲದಲ್ಲಿ ಅಲ್ಲಿನ ಬೆಸ್ತರು ದೋಣಿಯಲ್ಲೇ ಬೆಂಕಿ ಮಾಡಿಕೊಂಡು, ಬೆಂದದ್ದನ್ನು ಹುಟ್ಟಿನ ಮೇಲಿಟ್ಟು ಪಕ್ಕದ ದೋಣಿಗೆ ಚಾಚುತ್ತಿದ್ದರಂತೆ. ಹಾಗೆಂದು ಅವನಿಗೆ ಯಾರೋ ಹೇಳಿದ್ದರು. ಅವನೂ ಹಾಗೆಯೇ ಕೆಂಡದ ಆಚೆಯಿಂದ ಹುಟ್ಟು ಚಾಚುತ್ತಿದ್ದ. ಸುಟ್ಟದ್ದಕ್ಕೆ ಅಲ್ಲಿಯವರಂತೆ ಸೋಯಾ ರಸ ಹಚ್ಚಬೇಕೆಂದು ಅವನಿಗಿತ್ತು. ಆ ಕಪ್ಪು ನೀರು ಮನೆಯೊಳಗೆ ಬರಕೂಡದೆಂದಳು ಕಮಲ. ಅದರ ಬದಲು ಹುಣಸೆ ಬೆಲ್ಲದ ರಸ, ಶೃತಿಯ ತವರಾದ ಗುಬ್ಬಿಯಿಂದ ಬಂದ ಬೆಣ್ಣೆ.

ಇದ್ದಿಲು ಹೊತ್ತಿಸಲು ಅವನು ಕರ್ಪೂರ ಇಡುತ್ತಿದ್ದ. ಸೀಮೆಎಣ್ಣೆ ಹಾಕಿದರೆ ವಾಸನೆ ಬರುತ್ತದೆಂದು ಹೇಳುತ್ತಿದ್ದ. ದೇವರ ಕರ್ಪೂರವನ್ನು ಬದನೆಕಾಯಿಗೆ ಹಚ್ಚುವುದೇ ಎಂದು ನಾನು ಮೊದಲ ದಿನ ಗೊಣಗಿದೆ. ಅಷ್ಟರಲ್ಲಿ ಕಮಲ, ಉರಿಯುವ ಕರ್ಪೂರ ಕಂಡ ಅಭ್ಯಾಸಬಲದಿಂದ, ಎರಡೂ ಕೈ ಜ್ವಾಲೆಯ ಮೇಲೆ ಹಿಡಿದು ಕಣ್ಣಿಗೊತ್ತಿಕೊಂಡುಬಿಟ್ಟಳು.

"ಅಮ್ಮ, ಅದು ಮಂಗಳಾರತಿ ಅಲ್ಲ!"

"ಗೊತ್ತು ಕಣೋ. ಕೈ ತಾನಾಗೇ ಹೋಯ್ತು."

ಅಂದಿನಿಂದ ಅದು ಮನೆಯ ಪದ್ಧತಿಯೇ ಆಯಿತು. ಮೊಮ್ಮಗಳು ಅಮೂಲ್ಯಾ ನಡೆಯಲು ಕಲಿತ ಮೇಲೆ ಅವಳೂ ಪುಟ್ಟ ಕೈ ಚಾಚಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು.

ಅವನು ಹೋದ ಮೇಲೆ ತೊಟ್ಟಿ ಮಹಡಿಯ ಮೂಲೆಯಲ್ಲಿ ತುಕ್ಕು ಹಿಡಿಯಿತು. ಬಟ್ಟೆ ಒಣಹಾಕಲು ಮೇಲೆ ಹೋದ ಕಮಲ ಪ್ರತಿದಿನ ಕಣ್ಣು ಕೆಂಪಗೆ ಮಾಡಿಕೊಂಡು ಇಳಿದು ಬರುತ್ತಿದ್ದಳು. ಒಂದು ಭಾನುವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಹೇಳಿದಳು:

"ನಾಳೆ ಗುಜರಿಯವನು ಬರ್ತಾನೆ. ಆ ತೊಟ್ಟಿ ಕೊಟ್ಬಿಡ್ತೀನಿ."

ಶೃತಿ ತಟ್ಟೆಯಿಂದ ತಲೆಯೆತ್ತಲಿಲ್ಲ. ಅಮೂಲ್ಯಾ ಮಾತ್ರ ಎದ್ದು ನಿಂತಳು.

"ಕೊಡಬೇಡ ಅಜ್ಜಿ! ಅದು ಅಪ್ಪಂದು."

"ಹಚ್ಚೋರೇ ಇಲ್ವಲ್ಲ ಪುಟ್ಟಿ. ಇಟ್ಕೊಂಡು ಏನು ಮಾಡೋದು?"

"ತಾತ ಇದಾರಲ್ಲ. ತಾತ ಹಚ್ತಾರೆ."

ನಾನು ಮಜ್ಜಿಗೆಯ ಲೋಟ ಕೆಳಗಿಟ್ಟೆ. ಶೃತಿ ಮೆಲ್ಲಗೆ, "ತಾತಂಗೆ ಕೈ ನಡುಗುತ್ತೆ ಕಣೇ, ಬಲವಂತ ಮಾಡಬೇಡ. ನಾನು ಹಚ್ತೀನಿ" ಎಂದಳು. ಹೇಳಿದವಳೇ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಪ್ರತಿ ಸಂಜೆ ನನ್ನ ಬದಲು ದೀಪ ಹಚ್ಚುವವಳು ಅವಳು. ಇದನ್ನೂ ಅವಳ ಮೇಲೆ ಹೊರಿಸಲು ನನ್ನ ಮನಸ್ಸು ಒಪ್ಪಲಿಲ್ಲ.

ಇಸ್ತ್ರಿ ಅಂಗಡಿಯ ಚೌಡಪ್ಪನ ಹತ್ತಿರ ಹೋಗಿ ಒಂದು ಚೀಲ ಇದ್ದಿಲು ಕೇಳಿದೆ. ಶಮಂತನಿಗೆ ಕೊಡುತ್ತಿದ್ದವನೂ ಅವನೇ. "ಸಾಮಿ, ನೀವಾ?" ಎಂದ. ಮುಂದೆ ಏನೂ ಕೇಳದೆ, ಪುಡಿ ಜರಡಿ ಹಿಡಿದು, ಗಟ್ಟಿ ತುಂಡುಗಳನ್ನೇ ಆರಿಸಿ ತುಂಬಿದ.

ಸಂಜೆ ದೀಪ ಹಚ್ಚುವ ವೇಳೆಗೆ ಎಲ್ಲರೂ ಮಹಡಿಯ ಮೇಲಿದ್ದೆವು. ತೊಟ್ಟಿಯ ಆಚೆ ಶಮಂತ ಕೂರುತ್ತಿದ್ದ ಮಣೆಯ ಮೇಲೆ ನಾನು ಕುಳಿತೆ. ದೇವರ ಪೆಟ್ಟಿಗೆಯಿಂದ ತಂದ ಕರ್ಪೂರವನ್ನು ಇದ್ದಿಲ ನಡುವೆ ಇಟ್ಟೆ. ಮೊದಲ ಕಡ್ಡಿ ಮುರಿಯಿತು. ಎರಡನೆಯದು ಹೊತ್ತಿಕೊಂಡು ನನ್ನ ನಡುಕಕ್ಕೆ ಆರಿತು.

"ಬೇಡ ಬಿಡಿ ಅಂದ್ರೆ" ಎಂದಳು ಕಮಲ.

ಅಮೂಲ್ಯಾ ಈಚೆಯಿಂದ ಎದ್ದು ಬಂದು ನನ್ನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದಳು. "ಈಗ ಗೀರು ತಾತ."

ಗೀರಿದೆ. ಕರ್ಪೂರ ಹೊತ್ತಿತು. ಆ ಬಿಳಿ ಜ್ವಾಲೆ ಕಂಡೊಡನೆ ನನ್ನ ಕತ್ತು ತಾನಾಗಿ ಪಕ್ಕಕ್ಕೆ ತಿರುಗಿತು. ಎದ್ದುಬಿಡೋಣ ಎನ್ನಿಸಿತು. ಆದರೆ ಮಗು ಕೈ ಬಿಡಲಿಲ್ಲ. ಒಂದು ಕೈಯಲ್ಲಿ ನನ್ನನ್ನು ಹಿಡಿದುಕೊಂಡೇ ಇನ್ನೊಂದು ಕೈಯನ್ನು ಜ್ವಾಲೆಯ ಮೇಲೆ ಹಿಡಿದು ಕಣ್ಣಿಗೊತ್ತಿಕೊಂಡಳು. ಕಮಲ ಒತ್ತಿಕೊಂಡಳು. ಶೃತಿಯೂ ಬಗ್ಗಿದಳು. ಆಮೇಲೆ ಮೂವರೂ ನನ್ನ ಕಡೆ ನೋಡಿದರು. ನಾನು ಬೆಂಕಿಯ ಕಡೆ ಮುಖ ತಿರುಗಿಸಿದೆ. ಎರಡೂ ಅಂಗೈ ಅದರ ಮೇಲೆ ಹಿಡಿದೆ, ಕಣ್ಣಿಗೊತ್ತಿಕೊಂಡೆ. ಅಂಗೈ ಒದ್ದೆಯಾಯಿತು.

ಬೇಗ ಆಗಲೆಂದು ಬೀಸಣಿಗೆ ತೆಗೆದುಕೊಂಡು ಜೋರಾಗಿ ಬೀಸಿದೆ. ಉರಿ ಎದ್ದಿತು.

"ಬೀಸಬಾರ್ದು ತಾತ! ಉರಿ ಇದ್ರೆ ಬದನೆಕಾಯಿ ಕಪ್ಪಾಗತ್ತೆ. ಕಾಯ್ಬೇಕು. ಕೆಂಡ ಬೂದಿ ಹೊದ್ಕೊಂಡು ಮಲಗಬೇಕು, ಆಮೇಲೆ ಜಾಲರಿ ಇಡೋದು. ಅಪ್ಪ ಹೇಳಿಲ್ವಾ ನಿಂಗೆ?"

"ನಂಗೆ ಹೇಳಿರ್ಲಿಲ್ಲ ಪುಟ್ಟಿ."

"ನೋಡ್ತಾ ಕೂತ್ಕೊ ಹಾಗಾದ್ರೆ."

ನೋಡುತ್ತಾ ಕುಳಿತೆ. ಉರಿ ತಗ್ಗಿತು. ಕರಿ ತುಂಡುಗಳು ಅಂಚಿನಿಂದ ಕೆಂಪಾದವು, ಕೆಂಪು ಒಳಗೆ ಇಳಿಯಿತು, ಮೇಲೆ ತೆಳ್ಳಗೆ ಬಿಳಿಬೂದಿ ಕಟ್ಟಿತು. ಅಂದು ನನ್ನ ಬೆನ್ನ ಹಿಂದೆ ನಡೆದದ್ದೂ ಹೀಗೆಯೇ ಇರಬೇಕು. ರಾಮ ರಾಮ ಎನ್ನುತ್ತಿತ್ತು ಬಾಯಿ. ಕಣ್ಣು ತೆಗೆಯಲಿಲ್ಲ.

ಬದನೆಕಾಯಿ ಸಿಪ್ಪೆ ಸಿಡಿದು ಮೆತ್ತಗಾಯಿತು. ಗೆಣಸಿನ ಜೊತೆ ಅದನ್ನು ಹುಟ್ಟಿನ ಮೇಲಿಟ್ಟು ಮೊದಲು ಕಮಲಳ ಕಡೆ ಚಾಚಿದೆ. ಹಿಡಿ ಉದ್ದ, ಹುಟ್ಟು ವಾಲಿ ಗೆಣಸೊಂದು ಉರುಳಿ ಶೃತಿಯ ಮಡಿಲಿಗೆ ಬಿತ್ತು. "ಮಾವ, ನಾನು ಬದನೆಕಾಯಿ ಕೇಳಿದ್ದು!" ಎಂದಳು ಅವಳು. ವರ್ಷದ ಮೇಲೆ ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕೆವು. ನಗುವಿನ ಕೊನೆಗೆ ಕಮಲ ಅತ್ತಳು. ಅಳುತ್ತಲೇ ಬೆಣ್ಣೆ ಹಚ್ಚಿದ ಬದನೆಕಾಯಿ ಬಾಯಿಗಿಟ್ಟುಕೊಂಡಳು.

ಆ ಮಣೆಯ ಮೇಲೆ ಕುಳಿತಾಗಲೇ ತಿಳಿದದ್ದು: ಅಲ್ಲಿಂದ ಎಲ್ಲರ ಮುಖವೂ ಕೆಂಡದ ಬೆಳಕಿನಲ್ಲಿ ಕಾಣುತ್ತದೆ. ಯಾರಿಗೆ ಹಸಿವು, ಯಾರಿಗೆ ಸಂಕಟ, ಎಲ್ಲವೂ. ನಮ್ಮನ್ನೆಲ್ಲ ಅವನು ಇಷ್ಟು ಸ್ಪಷ್ಟವಾಗಿ ನೋಡುತ್ತಿದ್ದ.

"ಕೊನೇದು ಸುಡೋರಿಗೆ" ಎಂದು ಅಮೂಲ್ಯಾ ಕೊನೆಯ ಬದನೆಕಾಯಿಯನ್ನು ನನಗೆ ತಿನ್ನಿಸಿದಳು. ಆರಿ ತಣ್ಣಗಾಗಿತ್ತು. ಶಮಂತ ಯಾವಾಗಲೂ ತಣ್ಣಗಾದದ್ದನ್ನೇ ತಿನ್ನುತ್ತಿದ್ದ.

"ಗುಜರಿಯವನಿಗೆ ಬೇಡ ಅಂತ ಹೇಳ್ತೀನಿ" ಎಂದು ಕಮಲ ಮಗುವಿನ ಕೈ ಹಿಡಿದು ಕೆಳಗಿಳಿದಳು. ಶೃತಿ ಹಲಗೆ ಒರೆಸಿ ಗೋಡೆಗೆ ಒರಗಿಸಿದಳು. "ಮಾವ, ಇವತ್ತಿನ್ನೂ ದೇವರ ದೀಪ ಹಚ್ಚಿಲ್ಲ" ಎಂದಳು. ಅವಳು ಹಚ್ಚುತ್ತೇನೆ ಎನ್ನಲಿಲ್ಲ.

"ಬರ್ತೀನಿ ನಡಿಯಮ್ಮ" ಎಂದೆ.

ಕೆಂಡ ಪೂರ್ತಿ ಆರುವವರೆಗೆ ಕುಳಿತಿದ್ದೆ. ಬೆಂಕಿಪೊಟ್ಟಣ ಜೇಬಿಗೆ ಹಾಕಿಕೊಂಡು ಎದ್ದೆ. ಮೆಟ್ಟಿಲಿನ ಹತ್ತಿರ ನಿಂತು, ಒಮ್ಮೆ ಹಿಂತಿರುಗಿ ನೋಡಿದೆ.